ತಡೆದವರು: ಶಿವಲಿಂಗಪ್ಪ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ದಾದಾಪೀರ್, ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಬದುಕುವವನು. ದೆವ್ವ ಭೂತ ಅಂದರೆ ನಕ್ಕು ಸುಮ್ಮನಾಗುವ ಜಾತಿ. ಆದರೆ ಆ ರಾತ್ರಿ ಕಣ್ಣಾರೆ ಕಂಡದ್ದನ್ನು ಮಾತ್ರ ಇಲ್ಲ ಅನ್ನಲಾರೆ.

ಅಣ್ಣಿಗೇರಿಯಲ್ಲಿ ನಮ್ಮದೊಂದು ಸಣ್ಣ ಕಚೇರಿ. ಸುತ್ತಲಿನ ಹಳ್ಳಿಗಳ ಆಂಬುಲೆನ್ಸ್ ಚಾಲಕರಿಗಾಗಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಆ್ಯಪ್ ನಡೆಸುತ್ತೇವೆ. ಹಾವು ಕಚ್ಚಿದರೆ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಎಂದು ಅದು ತೋರಿಸುತ್ತದೆ. ಎರೆ ಹೊಲದ ಸೀಮೆ, ಸುಗ್ಗಿಯಲ್ಲಿ ಹಾವಿನ ಕಾಟ ಹೆಚ್ಚು. ಆ್ಯಪ್ ತಪ್ಪು ಹೇಳಿದರೆ ಒಂದು ಜೀವ ದಾರಿಯಲ್ಲೇ ಹೋದಂತೆ.

ಹೊಸ ಕೋಡ್ ಬಂದಾಗಲೆಲ್ಲ ಅದನ್ನು ಆ್ಯಪ್ ಆಗಿ ಕಟ್ಟಿ, ಪರೀಕ್ಷಿಸಿ, ಸರ್ವರ್‌ಗೆ ಏರಿಸುವ ಕೆಲಸ ಶಿವಲಿಂಗಪ್ಪ ಕಾಕಾ ಅವರದಾಗಿತ್ತು. ಎಲ್ಲವೂ ಕೈಯಿಂದ, ಒಂದೊಂದೇ ಕಮಾಂಡ್. ಕಣ್ಣು ಉರಿಯುತ್ತದೆಂದು ನೆತ್ತಿಗೆ ಔಡಲೆಣ್ಣೆ ಬಡಿದುಕೊಂಡು ಕೂರುತ್ತಿದ್ದರು. ಎಂಟರ್ ಕೀಲಿಯನ್ನು ಯಾವಾಗಲೂ ಎರಡು ಸಲ ಒತ್ತುತ್ತಿದ್ದರು, ಟಕ್ ಟಕ್. ಸೋಮವಾರ ಮಾತ್ರ ಯಾರು ಏನು ಹೇಳಿದರೂ ಏರಿಸುತ್ತಿರಲಿಲ್ಲ.

"ಸೋಮಾರ ಗಳೇ ಹೂಡಂಗಿಲ್ಲಲೇ ಪೀರಾ. ಎತ್ತಿಗೆ ಒಂದಿನಾ ದಣಿವು ಆರಬೇಕು. ನಾವೂ ಅವತ್ತ ಕುಂತು ಮಾಡಿದ್ದನ್ನ ತಿರುಗಿ ನೋಡಬೇಕು."

"ಕಾಕಾ, ನಿಮ್ಮ ಜಾವಾಕ್ಕ ಕೊಂಬ ಅದಾವೇನ್ರಿ?" ಎಂದು ನಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಕಾ ಎದೆನೋವಿನಿಂದ ತೀರಿಕೊಂಡರು. ಅವರ ಲಾಗಿನ್ ಅಳಿಸಿದವನೂ ನಾನೇ. ಆಮೇಲೆ ಮೂರು ತಿಂಗಳು ಕೂತು, ಅವರ ಕೆಲಸವನ್ನೆಲ್ಲ ಯಂತ್ರವೇ ಮಾಡುವ ಹಾಗೆ ಸ್ಕ್ರಿಪ್ಟ್ ಬರೆದೆ. ಮೊದಲ ಓಟಕ್ಕೆ ರವಿವಾರ ರಾತ್ರಿ ಎರಡು ಗಂಟೆ ಇಟ್ಟೆ. ಹನ್ನೆರಡು ಹೊಡೆದರೆ ಸೋಮವಾರ ಅನ್ನುವುದು ತಲೆಗೆ ಬರಲೇ ಇಲ್ಲ. ನಮ್ಮ ಮನೆಯಲ್ಲಂತೂ ಹೊತ್ತು ಮುಳುಗಿದರೆ ಮರುದಿನ ಶುರು. ಗುರುವಾರ ಸಂಜೆಯೇ ಅಮ್ಮಿ ಶುಕ್ರವಾರದ ಊದುಬತ್ತಿ ಹಚ್ಚುತ್ತಾಳೆ. ನನಗಾದರೂ ಹೊಳೆಯಬೇಕಿತ್ತು.

ಆ ರಾತ್ರಿ ಒಬ್ಬನೇ ಕೂತಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಎರಡಕ್ಕೆ ಸರಿಯಾಗಿ ಕೆಲಸ ಶುರುವಾಯಿತು. ಕಟ್ಟುವುದು ಮುಗಿಯಿತು, ಪರದೆಯಲ್ಲಿ ಹಸಿರು, ಅಂದರೆ ಸರಿ. ಪರೀಕ್ಷೆ ಮುಗಿಯಿತು, ಹಸಿರು. ಇನ್ನು ಸರ್ವರ್‌ಗೆ ಏರಿಸುವುದೊಂದೇ...

ಟಕ್ ಟಕ್.

ಸದ್ದು ಬಂದದ್ದು ಕಾಕಾ ಅವರ ಖಾಲಿ ಟೇಬಲ್ಲಿನಿಂದ. ಅಲ್ಲಿ ಕೀಬೋರ್ಡೇ ಇರಲಿಲ್ಲ. ನನ್ನ ಪರದೆಯ ಮೇಲೆ ಒಂದು ಕೆಂಪು ಸಾಲು: ತಡೆಯಲಾಗಿದೆ. ತಡೆದವರು: ಶಿವಲಿಂಗಪ್ಪ.

ಮೈ ಜುಮ್ಮೆಂದಿತು. ಯಾರೋ ಚೇಷ್ಟೆ ಮಾಡುತ್ತಿದ್ದಾರೆಂದು ಸಿಟ್ಟೂ ಬಂತು. ಮತ್ತೆ ಓಡಿಸಿದೆ. ಹಸಿರು, ಹಸಿರು... ಟಕ್ ಟಕ್. ಅದೇ ಹೆಸರು. ಈ ಸಲ ಔಡಲೆಣ್ಣೆಯ ಜಿಡ್ಡು ವಾಸನೆ... ತೀರ ಹತ್ತಿರ, ಯಾರೋ ನನ್ನ ಹೆಗಲ ಮೇಲಿಂದ ಬಾಗಿ ಪರದೆ ನೋಡುತ್ತಿರುವ ಹಾಗೆ. ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಆದರೂ ಹಟ ಬಿಡದೆ ಮೂರನೇ ಸಲ ಓಡಿಸಲು ಹೊರಟೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಆಂಬುಲೆನ್ಸ್ ಚಾಲಕ ಫಕ್ಕೀರಪ್ಪ, ಮೊರಬ ಹಳ್ಳಿಯಿಂದ.

"ಪೀರಸಾಬ್ರ, ಒಬ್ಬ ಹೆಣ್ಮಗಳಿಗೆ ಹಾವು ಕಡದೈತ್ರಿ. ಕೈಗೂಸಿನ ತಾಯಿ. ಬಾಜೂಕಿನ ದವಾಖಾನ್ಯಾಗ ಔಷಧ ಇಲ್ಲ, ಹುಬ್ಬಳ್ಳಿಗೇ ಹೋಗು ಅಂತ ತೋರಸಾಕತ್ತೈತಿ. ಖರೇ ಏನ್ರಿ? ದೂರ ಆಗತೈತಿ..."

"ಒಂದ ನಿಮಿಷ ಅಣ್ಣಾ." ಏರದೆ ನಿಂತಿದ್ದ ಹೊಸ ಆ್ಯಪನ್ನು ನನ್ನ ಕಂಪ್ಯೂಟರಿನಲ್ಲೇ ತೆರೆದು ನೋಡಿದೆ. ಪಕ್ಕದ ಆಸ್ಪತ್ರೆಯಲ್ಲಿ ಐವತ್ತು ಬಾಟಲಿ ಔಷಧಿ ಇದೆ ಎಂದಿತು. ಅದರ ಕೆಳಗಿನದರಲ್ಲೂ ಐವತ್ತು. ಎಲ್ಲದರಲ್ಲೂ ಐವತ್ತು...

ಅದು ಪರೀಕ್ಷೆಗೆಂದು ನಾನೇ ಬರೆದಿದ್ದ ಸುಳ್ಳು ಪಟ್ಟಿ. ನನ್ನ ಸ್ಕ್ರಿಪ್ಟ್ ನಿಜವಾದ ಪಟ್ಟಿಯನ್ನು ಬಿಟ್ಟು ಇದನ್ನೇ ಸೇರಿಸಿ ಕಟ್ಟಿತ್ತು. ಪರೀಕ್ಷೆಗಳೆಲ್ಲ ಹಸಿರಾದದ್ದೂ ಅದಕ್ಕೇ. ಫಕ್ಕೀರಪ್ಪನ ಕೈಯಲ್ಲಿದ್ದ ಹಳೆಯ ಆ್ಯಪ್ ಹೇಳಿದ್ದೇ ನಿಜ.

"ಹುಬ್ಬಳ್ಳಿಗೇ ಹೋಗ್ರಿ! ಎಲ್ಲೂ ನಿಲ್ಲಸಬ್ಯಾಡ್ರಿ!" ಎಂದು ಕಿರುಚಿದೆ. ಫೋನ್ ಇಟ್ಟಾಗ ವಾಸನೆ ಹೋಗಿತ್ತು.

ಆ ತಾಯಿ ಉಳಿದಳು.

ಬೆಳಗ್ಗೆ ಕಚೇರಿ ನಡೆಸುವ ನಮ್ಮ ಮೇಡಮ್‌ಗೆ ಎಲ್ಲ ಹೇಳಿದೆ. ಅವರು ಕೆಂಪು ಸಾಲುಗಳನ್ನು ಬಹಳ ಹೊತ್ತು ನೋಡಿದರು.

"ಅವರ ಲಾಗಿನ್ ಇನ್ನೂ ಹಂಗ ಉಳದಿರಬೇಕು. ಇವತ್ತ ತಗದ್ಬಿಡ್ರಿ."

ಹುಡುಕಿದೆ. ಬಳಕೆದಾರರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತೆಗೆಯಲಿ?

ಸ್ಕ್ರಿಪ್ಟ್ ತಿದ್ದಿದೆ. ಸೋಮವಾರ ಓಡಬಾರದೆಂದು ಒಂದು ಸಾಲನ್ನೂ ಸೇರಿಸಿದೆ. ಕಾಕಾಗೆ ಇನ್ನು ಸಮಾಧಾನವಾಗಿರಬೇಕು ಅಂದುಕೊಂಡಿದ್ದೆ.

ಮೊನ್ನೆ ಗುರುವಾರ, ಹಾಡಹಗಲು, ಎಲ್ಲರೂ ಕೂತಿದ್ದಾಗಲೇ, ಇನ್ನೊಂದು ಹೊಸ ಕೋಡ್ ಏರುವ ಹೊತ್ತಿಗೆ ಪರದೆ ಮತ್ತೆ ಕೆಂಪಾಯಿತು. ಅದೇ ಹೆಸರು. ಅಂದಿನಿಂದ ಆ ಹೊಸ ಕೋಡನ್ನು ಸಾಲು ಸಾಲಾಗಿ ಓದುತ್ತಿದ್ದೇನೆ. ತಪ್ಪು ಇನ್ನೂ ಸಿಕ್ಕಿಲ್ಲ.