ಭಾವ ಹೊಡೆದ ಔಷಧಿ, ಅಕ್ಕ ಬಳಿದ ಸುಣ್ಣ

ನಮ್ಮ ಭಾವನಿಗೆ ಊರೆಲ್ಲ ಇಟ್ಟ ಹೆಸರು 'ಪಂಪಣ್ಣ'. ಮಳೆಗಾಲಕ್ಕೆ ಮುಂಚೆ ಹೆಗಲಿಗೆ ಪಂಪು ಹಾಕಿಕೊಂಡು ಮನೆಮನೆಯ ಒಳಗೋಡೆಗೆ ಮಲೇರಿಯಾ ಔಷಧಿ ಹೊಡೆಯೋದು ಅವರ ಕೆಲಸ. ಹೊರಡುವಾಗ ಎಲ್ಲರಿಗೂ ಒಂದೇ ಮಾತು: "ಚಳಿಗಾಲ ಬರೋವರೆಗೂ ಗೋಡೆ ಮುಟ್ಟಬೇಡಿ ತಾಯಿ. ಸುಣ್ಣ ಬಳಿದರೆ ಔಷಧಿ ಅದರಡಿ ಮುಚ್ಚಿಹೋಗುತ್ತೆ, ಸೊಳ್ಳೆ ಆರಾಮಾಗಿ ಕೂತ್ಕೊಳ್ಳುತ್ತೆ."

ಯಾರು ಕೇಳ್ತಾರೆ! ನಮ್ಮ ಕಡೆ ಜೋರು ಮಳೆಯಲ್ಲಿ ಜ್ವರ ಅಷ್ಟಿಲ್ಲ. ಮಳೆ ಹಿಂದೆ ಸರಿದು ಗುಂಡಿಗಳಲ್ಲಿ ನೀರು ನಿಂತಾಗಲೇ ಅದು ಏಳೋದು. ಜನಕ್ಕೆ ಬಿಸಿಲು ಕಂಡರೆ ಸಾಕು, ಗಂಡಾಂತರ ಕಳೀತು ಅಂತ ಸೊಳ್ಳೆಪರದೆ ಮಡಚಿಡ್ತಾರೆ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು" ಅಂತ ಭಾವ ರೇಗೋರು.

ಒಂದು ವರ್ಷ ಅವರ ಮಗಳು ಚೊಚ್ಚಲ ಬಸುರಿ. ಮಳೆ ಮುಗಿದ ಮೇಲೆ ತವರಿಗೆ ಬರೋಳಿದ್ದಳು. ಅವಳು ಮಲಗೋ ಕೋಣೆಗೆ ಭಾವ ಒಂದು ಮೂಲೆಯನ್ನೂ ಬಿಡದೆ ಔಷಧಿ ಹೊಡೆದು, ಆಮೇಲೆ ದೂರದ ಊರುಗಳ ಕೆಲಸಕ್ಕೆ ಹೋದರು.

ಮಳೆ ನಿಂತಿತು. ಗೋಡೆ ತುಂಬ ಔಷಧಿಯ ಕಲೆ. ಮೊಮ್ಮಗು ಬರೋ ಮನೆ ಹೀಗಿದ್ದರೆ ಹೇಗೆ, ಇನ್ನು ಮಳೆಯೂ ಇಲ್ಲವಲ್ಲ ಅಂದುಕೊಂಡು ಅಕ್ಕ ಕೋಣೆಗೆ ಸುಣ್ಣ ಬಳಿದುಬಿಟ್ಟಳು. ಪಂಪಣ್ಣನ ಹೆಂಡತಿ! ದೀಪದ ಬುಡದಲ್ಲೇ ಕತ್ತಲು ಅನ್ನೋದು ಇದಕ್ಕೇ. ನಾನಿದ್ದಿದ್ದರೆ ಕುಂಚ ಕಿತ್ತು ಬೀದಿಗೆ ಎಸೀತಿದ್ದೆ.

ಮಗಳು ಬಂದಳು. ಕೆಲವು ವಾರಗಳಲ್ಲೇ ಜ್ವರ ಹಿಡೀತು. ಹೊದಿಕೆ ಮೇಲೆ ಹೊದಿಕೆ ಹಾಕಿದರೂ ನಡುಕ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿದರು. ಮಗು ಹೊಟ್ಟೆಯಲ್ಲೇ ಹೋಗಿತ್ತು.

ಸುದ್ದಿ ತಿಳಿದು ಓಡಿ ಬಂದ ಭಾವ, ಮಗಳನ್ನು ನೋಡಿಕೊಂಡು ಮನೆಗೆ ಬಂದರು. ಕೋಣೆಯ ಗೋಡೆ ಮೇಲೆ ಅಂಗೈ ಆಡಿಸಿದರು. ಕೈಯೆಲ್ಲ ಬೆಳ್ಳಗಾಯ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಬಯ್ಯಿರಿ. ಊರಿಗೆಲ್ಲ ಬಯ್ತೀರಲ್ಲ, ನನಗೂ ಬಯ್ಯಿರಿ" ಅಂದಳು.

"ಊಟ ಮಾಡಿದ್ಯಾ?" ಅಂದರು ಭಾವ. ಅಷ್ಟೇ.

ಮುಂದಿನ ವರ್ಷದಿಂದ ಔಷಧಿ ಹೊಡೆಯೋ ದಿನ ಅಕ್ಕ ಅವರಿಗಿಂತ ಮುಂದೆ ನಡೀತಾಳೆ. ಮೊನ್ನೆ ನಾನೂ ಜೊತೆಗಿದ್ದೆ. ಒಂದು ಮನೆಯಾಕೆ ಅರ್ಧ ಬಾಗಿಲು ಹಿಡಿದುಕೊಂಡು ಗೊಣಗಿದಳು: "ಕಲೆ ಬೀಳುತ್ತಲ್ರೀ. ಸೊಸೆ ಹೆರಿಗೆ ಇದೆ, ಬಂದೋರು ಏನಂತಾರೆ? ಆಮೇಲೆ ಸುಣ್ಣ ಹೊಡೆಸ್ತೀನಿ."

"ಬೇಡಮ್ಮ" ಅಂದಳು ಅಕ್ಕ. "ನಾನೂ ಮೊಮ್ಮಗು ಬರುತ್ತೆ ಅಂತಲೇ ಬಳಿದಿದ್ದು."

ಆಕೆ ಬಾಗಿಲು ಪೂರ್ತಿ ತೆಗೆದಳು. ಭಾವ ಪಂಪು ಎತ್ತಿಕೊಂಡು ಒಳಗೆ ಹೋದರು.