ಬೈಂಡು ಹಾಕಿಸಿಕೊಂಡ ‘ಅವರ್ ಪೋರ್ಚ್’

ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಜಯಂತರ ಕೈಯಿಂದ ಬೈಂಡು ಹಾಕಿಸಿಕೊಳ್ಳದೆ ಪಾರಾಗುವ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಮೈಸೂರಿನ ಪ್ರೈಮರಿ ಶಾಲೆಯಲ್ಲಿ ಸಿದ್ಧಿಸಿದ ವಿದ್ಯೆ. ಕಾರಿನ ಮ್ಯಾನುಯಲ್ಲು, ಪಾಸ್‌ಪೋರ್ಟು, ಹೆಂಡತಿಯ ಡಯಟ್ ಚಾರ್ಟು, ಎಲ್ಲಕ್ಕೂ ಕಂದು ಕಾಗದದ ಕವಚ, ಮೇಲೆ ದುಂಡನೆಯ ಕನ್ನಡದಲ್ಲಿ ಲೇಬಲ್ಲು. ದೇವೇಂದ್ರನೇ ಇಳಿದು ಬಂದರೂ ಆ ಕವಚ ಕೀಳಲಾರ.

ಪಕ್ಕದ ಮನೆಯ ಲೊರೆಟ್ಟಾಗೆ ಎಂಬತ್ತೊಂದು. ಹೂಸ್ಟನ್ನಿನ ಕ್ಷೌರದಂಗಡಿಯ ಹಿಂಕೋಣೆಯಲ್ಲಿ ಹುಟ್ಟಿದ ‘ಅವರ್ ಪೋರ್ಚ್’, ಅಂದರೆ ‘ನಮ್ಮ ಜಗುಲಿ’, ಮಾಸಿಕಕ್ಕೆ ಅವರು ಇಪ್ಪತ್ತಾರು ವರ್ಷ ಪ್ರೂಫ್ ನೋಡಿದವರು. ಆಫ್ರಿಕನ್ ಅಮೆರಿಕನ್ನರ ಮದುವೆ, ಪದವಿಯ ಸುದ್ದಿಯನ್ನು ಬೇರೆ ಪತ್ರಿಕೆಗಳು ಮೂಸಿಯೂ ನೋಡದ ಕಾಲ. ಇದು ಬಸ್ ಡ್ರೈವರುಗಳ ಸೀಟಿನಡಿ ಕೂತು ಡಾಲಸ್, ಆಸ್ಟಿನ್‌ವರೆಗೂ ಹೋಗುತ್ತಿತ್ತು. ಪತ್ರಿಕೆ ನಿಂತಿತು. ಲೊರೆಟ್ಟಾ ಪೆಟ್ಟಿಗೆಗಳಲ್ಲಿ ಉಳಿಸಿದ್ದ ಪ್ರತಿಗಳನ್ನು ಮನೆಗೆ ನುಗ್ಗಿದ ನೆರೆ ನುಂಗಿತು. ಈಗ ಆಸ್ಟಿನ್ನಿನ ಲೈಬ್ರರಿಯೊಂದು ಊರೂರಿಂದ ಸಂಚಿಕೆಗಳನ್ನು ಕೂಡಿಸಿತ್ತು. ಇಲ್ಲದ್ದು ಒಂದೇ: ಎಪ್ಪತ್ತನಾಲ್ಕರ ಜೂನ್. ಅದರ ಮುಖಪುಟದಲ್ಲಿದ್ದವರು ಅರವತ್ತನೇ ವಯಸ್ಸಿಗೆ ಪದವಿ ಪಡೆದ ಲೊರೆಟ್ಟಾರ ಅಮ್ಮ. ಅಮ್ಮನ ಬೇರೆ ಫೋಟೋ ಯಾವುದೂ ಉಳಿದಿರಲಿಲ್ಲ.

ನೆರೆಗೆ ಮುಂಚೆ ಆ ಸಂಚಿಕೆಯನ್ನು ಜಯಂತರಿಗೆ ಓದಲು ಕೊಟ್ಟದ್ದು ನೆನಪಾಗಿ ಲೊರೆಟ್ಟಾ ಕೋಲೂರಿಕೊಂಡು ಬಂದರು.

“ಆಗಲೇ ವಾಪಸ್ ಕೊಟ್ಟೆನಲ್ಲ, ಮಿಸ್ ಲೊರೆಟ್ಟಾ, ನಿಮ್ಮ ಕೈಗೇ!” ಎಂದರು ಜಯಂತ.

ಕೊಟ್ಟಿದ್ದರೆ ಅದೂ ನೀರುಪಾಲು.

ಜಯಂತರ ಹೆಂಡತಿ ಸುಚೇತಾ ಒಳಗಿಂದಲೇ ಕೂಗಿದರು: “ರೀ, ಬೈಂಡ್ ಹಾಕದೇ ಯಾವ ಪುಸ್ತಕ ವಾಪಸ್ ಕೊಟ್ಟಿದೀರಿ ನೀವು?” ಆಮೇಲೆ ಹೊರಬಂದು ಇಂಗ್ಲಿಷಿನಲ್ಲಿ ಲೊರೆಟ್ಟಾರನ್ನು ವಿಚಾರಿಸಿದರು: “ಕಂದು ಕಾಗದ ಸುತ್ತಿದ್ದು ಏನಾದ್ರೂ ನಿಮ್ಮನೇಲಿದೆಯಾ?”

“ಅದು ನಿಮ್ಮ ದೇವರ ಪುಸ್ತಕ ಅಲ್ವಾ? ಆ ಅಕ್ಷರ ನೋಡಿ ಮಂತ್ರ ಅಂದ್ಕೊಂಡೆ. ಬಿಚ್ಚಬಾರದು ಅಂತ ಎಲ್ಲಕ್ಕಿಂತ ಮೇಲೆ, ಬೈಬಲ್ ಪಕ್ಕ ಇಟ್ಟಿದೀನಿ.”

ಮೂವರೂ ಓಡಿದರು, ಕೋಲು ಅಲ್ಲೇ ಉಳಿಯಿತು. ಸುಚೇತಾ ಸ್ಟೂಲು ಹತ್ತಿ ಇಳಿಸಿದರು. ಮಂತ್ರ ಹೀಗಿತ್ತು: ‘ಲೊರೆಟ್ಟಾ ಅವರದು. ಮರೆಯದೆ ಹಿಂತಿರುಗಿಸತಕ್ಕದ್ದು.’ ಕಾಗದ ಬಿಚ್ಚಿದರೆ ಒಳಗೆ ಅಮ್ಮ, ಕಪ್ಪು ಗೌನಿನಲ್ಲಿ, ಒಂದು ಹನಿ ನೀರೂ ತಾಕದೆ ನಗುತ್ತಿದ್ದರು.

ಲೊರೆಟ್ಟಾ ಕುರ್ಚಿಯಲ್ಲಿ ಕೂತು, ಅಮ್ಮನ ಮುಖವನ್ನೊಮ್ಮೆ ಸವರಿದರು. “ಜಯ್, ಚರಿತ್ರೆಯನ್ನೇ ಉಳಿಸಿದೆ ನೀನು! ಇದರ ಬೆಲೆ ನಿನಗೆ ಆಗಲೇ ಗೊತ್ತಿತ್ತು, ಅಲ್ವಾ?”

ಜಯಂತರು ಸಂಚಿಕೆಯನ್ನು ಮೆಲ್ಲಗೆ ತಿರುವಿ ಹಿಂಬದಿ ತೋರಿಸಿದರು.

“ಇಲ್ಲ, ಸಾಂಬಾರ್ ಚೆಲ್ಲಿದ್ದೆ. ನಿಮಗೆ ಕಾಣದೇ ಇರ್ಲಿ ಅಂತ ಬೈಂಡ್ ಹಾಕ್ದೆ.”