ಹಸಿರು ಬಳೆ ನೋಡಿ ತಪ್ಪಿಸಿದ ಕೆಲಸ

ಕಳೆದ ಸೋಮವಾರ ಮಧ್ಯಾಹ್ನ ಸಿಂದಗಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ನಿಂತು, ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಸಂದರ್ಶನಕ್ಕೆ ಕಳಿಸುತ್ತಿದ್ದೆ. ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ಅಧಿಕಾರಿ ನಮ್ಮ ಕಡೆಯವರೇ. ಲಿಖಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದಿದ್ದ ಸಾವಿತ್ರಿ ಎದುರು ಕುಳಿತಾಗ ಅವರು ನೋಡಿದ್ದು ಅವಳ ಕೈತುಂಬ ಇದ್ದ ಹಸಿರು ಬಳೆಗಳನ್ನು.

"ಲಗ್ನ ಗೊತ್ತಾಗೇತೇನವಾ?"

"ಇಲ್ರಿ ಸರ್. ನಮ್ಮ ವೈನಿ ಬಸರಿ ಅದಾರ್ರಿ, ನಿನ್ನೆ ಅವರ ಕುಬಸ ಇತ್ತು. ಬಂದ ಹೆಣ್ಮಕ್ಕಳಿಗೆಲ್ಲ ಬಳಿ ಇಡಿಸಿದ್ರು."

"ಇವತ್ತ ಅವರದು, ನಾಳೆ ನಿಂದು. ನಾವು ಕೆಲಸಾ ಕಲಸೂದು, ನೀ ತೊಟ್ಟಲಾ ತೂಗಾಕ ಹೋಗೂದು!" ಎಂದು ನಕ್ಕರು.

ಪ್ರೋಗ್ರಾಮಿಂಗ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳದೆ ಅವಳನ್ನು ಹೊರಗೆ ಕಳಿಸಿದರು. ನಂತರ ಹೋದ ಹುಡುಗನಿಗೆ ಮದುವೆಯಾಗಿ ವಾರವೂ ಆಗಿರಲಿಲ್ಲ. ಮುಂಗೈಯಲ್ಲಿ ಅರಿಶಿನದ ಕಂಕಣ ಹಾಗೇ ಇತ್ತು.

"ಭಲೇ ಮದಿಮಗಾ! ಇನ್ನ ಜವಾಬ್ದಾರಿ ಬಂತು ನೋಡಪಾ" ಎಂದು ಕೈ ಕುಲುಕಿ, ಅವನನ್ನು ಆರಿಸಿಕೊಂಡರು.

ಕಂಪನಿಗೆ ದೂರು ಬರೆದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಸಾವಿತ್ರಿಗೆ ಅವರು ಆಡಿದ ಮಾತನ್ನು ನನ್ನ ಪಕ್ಕದಲ್ಲೇ ನಿಂತು ಕೇಳಿದವರು ಇಬ್ಬರು: ಸಹೋದ್ಯೋಗಿ ಶಾಂತಾ ಮೇಡಂ ಮತ್ತು ಆ ಮದುಮಗ. ಮೇಡಂ ದೂರಿಗೆ ಸಹಿ ಹಾಕಿದ್ದಾರೆ. ಹುಡುಗ ನನ್ನ ಫೋನ್ ಎತ್ತುತ್ತಿಲ್ಲ.